ಅಶ್ವಶಕ್ತಿ ಏರಿಸುವ ಮೊದಲು ಎತ್ತರ ಇಳಿಸಿರಿ

ಮಾರ್ಚ್ ತಿಂಗಳು ಮುಗಿಯುತ್ತ ಬಂದಂತೆ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ದಂಡೆಯಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ. ಜಮಖಂಡಿ, ರಬಕವಿ-ಬನಹಟ್ಟಿ, ಮುಧೋಳ, ಬೀಳಗಿ, ಊರು ಯಾವುದಾದರೂ ದೂರು ಒಂದೇ. "ಮೋಟರು ಚೆನ್ನಾಗಿ ತಿರುಗುತ್ತದೆ, ನೀರು ಮಾತ್ರ ಮೊದಲಿನಂತೆ ಬೀಳುತ್ತಿಲ್ಲ. ಪಂಪಿನೊಳಗೆ ಗರಸು ಹಾಕಿ ಅಲುಗಾಡಿಸಿದಂತೆ ಸಪ್ಪಳ ಬರುತ್ತದೆ. ಬಿಚ್ಚಿ ನೋಡಿದರೆ ಇಂಪೆಲ್ಲರ್ ಹುಳು ತಿಂದ ಹಾಗೆ ತೂತು ಬಿದ್ದಿದೆ." ಇದಕ್ಕೆ ನಾವು ಮಾಡುವ ಮದ್ದು ಸಹ ಒಂದೇ. ಮೊದಲು ಹೊಸ ಇಂಪೆಲ್ಲರ್. ಅದಕ್ಕೂ ಬಗ್ಗದಿದ್ದರೆ 5 ಎಚ್.ಪಿ. ಬದಲು 7.5, 7.5ರ ಬದಲು 10 ಎಚ್.ಪಿ. ಪಂಪು. ಈ ಮದ್ದಿನಿಂದ ರೋಗ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಇದನ್ನು ನಿಮಗೆ ಮನವರಿಕೆ ಮಾಡಿಕೊಡುವುದೇ ಈ ಲೇಖನದ ಉದ್ದೇಶ.

ಬೇಸಾಯ ಶಾಸ್ತ್ರದವರು ಯಂತ್ರದ ಮಾತು ಏಕೆ ಆಡಬೇಕು ಎಂದು ಕೆಲವರು ಕೇಳಬಹುದು. ಕಬ್ಬಿಗೆ ಹೊತ್ತಿಗೆ ಸರಿಯಾಗಿ ನೀರು ಸಿಗದಿದ್ದರೆ ನಾವು ಹೇಳುವ ತಳಿ, ಗೊಬ್ಬರ, ಸಾಲಿನ ಅಂತರ ಯಾವುದೂ ಫಲ ಕೊಡುವುದಿಲ್ಲ. ಹೊಳೆದಂಡೆಯ ಪಂಪು ಹೊಲದ ಮೊದಲನೆಯ ಸಾಧನ. ಅದು ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ.

ಪಂಪು ನೀರನ್ನು ಎಳೆಯುವುದಿಲ್ಲ

ಪಂಪು ನೀರನ್ನು ಎಳೆಯುತ್ತದೆ ಎಂಬುದು ನಮ್ಮೆಲ್ಲರ ರೂಢಿಯ ಮಾತು. ನಿಜಸ್ಥಿತಿ ಬೇರೆ. ನಮ್ಮ ತಲೆಯ ಮೇಲಿರುವ ವಾಯುಮಂಡಲಕ್ಕೆ ತೂಕವಿದೆ. ಆ ತೂಕ ಹೊಳೆಯ ನೀರಿನ ಮೇಲೆ ಸದಾ ಒತ್ತುತ್ತಿರುತ್ತದೆ. ಪಂಪು ತಿರುಗಿದಾಗ ಸಕ್ಷನ್ ಪೈಪಿನೊಳಗೆ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಗಾಳಿಯ ಒತ್ತಡ ಆಗ ನೀರನ್ನು ಪೈಪಿನೊಳಕ್ಕೆ ತಳ್ಳುತ್ತದೆ. ಅಂದರೆ ಹೊಳೆಯಿಂದ ಪಂಪಿನವರೆಗೆ ನೀರನ್ನು ಏರಿಸುವುದು ಗಾಳಿ. ಪಂಪಿನಿಂದ ಹೊಲದವರೆಗೆ ಏರಿಸುವುದು ಮಾತ್ರ ಮೋಟರು.

ಗಾಳಿಯ ಈ ಬಲಕ್ಕೆ ಒಂದು ಮಿತಿ ಇದೆ. ಸಮುದ್ರ ಮಟ್ಟದಲ್ಲಿ ಅದು ನೀರನ್ನು ಹೆಚ್ಚೆಂದರೆ 10.3 ಮೀಟರ್ ಎತ್ತಬಲ್ಲದು. ಮೋಟರು 5 ಎಚ್.ಪಿ. ಇರಲಿ, 500 ಎಚ್.ಪಿ. ಇರಲಿ, ಈ ಮಿತಿಯನ್ನು ದಾಟಲಾಗದು.

ಇಟಲಿಯ ವಿಜ್ಞಾನಿ ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ನೀರಿನ ತೊಟ್ಟಿಯೊಂದಕ್ಕೆ ಪಂಪು ಕೂಡಿಸಿದ್ದರು. ನೀರು ಒಂದು ಮಟ್ಟಕ್ಕಿಂತ ಕೆಳಗೆ ಇಳಿದ ಕೂಡಲೇ ಅದು ಕೆಲಸ ನಿಲ್ಲಿಸಿತು. ಯಂತ್ರ ಕೆಟ್ಟಿದೆ ಎಂದುಕೊಂಡು ದುರಸ್ತಿಗೆ ಕೆಲಸಗಾರನನ್ನು ಕರೆಸಿದರು. ದೋಷ ಪಂಪಿನಲ್ಲಿಲ್ಲ, ನೀರು ತೀರ ಕೆಳಗೆ ಹೋಗಿರುವುದರಲ್ಲಿದೆ, ಅಲ್ಲಿಯ ಅಳತೆಯ 18 ಮೊಳಕ್ಕಿಂತ ಮೇಲೆ ಯಾವ ಪಂಪೂ ನೀರನ್ನು ಎತ್ತಲಾರದು ಎಂದು ಅವನು ತಿಳಿಸಿದ. ಆ 18 ಮೊಳವೆಂದರೆ ಹೆಚ್ಚು ಕಡಿಮೆ 10 ಮೀಟರ್. ಸುಮಾರು 400 ವರ್ಷಗಳ ಹಿಂದೆ ಆ ಕೆಲಸಗಾರ ಕಂಡುಕೊಂಡ ಸತ್ಯವನ್ನು ಇಂದಿಗೂ ಎಷ್ಟೋ ದಂಡೆಗಳಲ್ಲಿ ನಾವು ಮರೆತು ಪಂಪನ್ನೇ ಬೈಯುತ್ತೇವೆ. ಇದರ ಕಾರಣ ಗಾಳಿಯ ಒತ್ತಡವೆಂಬುದು ಗೆಲಿಲಿಯೊನ ಶಿಷ್ಯ ಟೊರಿಚೆಲ್ಲಿಯ ಪಾದರಸದ ಪ್ರಯೋಗದಿಂದ 1640ರ ದಶಕದಲ್ಲಿ ತಿಳಿಯಿತು.

ತಣ್ಣಗಿದ್ದಾಗಲೇ ಕುದಿಯುವ ನೀರು

ಮಿತಿಯ ಹತ್ತಿರ ಹೋದಾಗ ಪಂಪಿನೊಳಗೆ ಏನಾಗುತ್ತದೆ? ಇದನ್ನು ತಿಳಿಯಲು ಕಬ್ಬು ಬೆಳೆಯುವ ನಮಗೆ ದೂರ ಹೋಗಬೇಕಾಗಿಲ್ಲ. ಮಹಾಲಿಂಗಪುರದ ಸುತ್ತಿನ ಬೆಲ್ಲದ ಗಾಣಗಳಲ್ಲಿ ತೆರೆದ ಕೊಪ್ಪರಿಗೆಯಲ್ಲಿ ಹಾಲು ಕಾಯಿಸುವುದನ್ನು ನೋಡಿದ್ದೀರಿ. ಅಲ್ಲಿ ಕಬ್ಬಿನ ಹಾಲು ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆಯೇ ಕುದಿಯುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಇದೇ ರಸವನ್ನು ಮುಚ್ಚಿದ ಪ್ಯಾನಿನಲ್ಲಿ ಹಾಕಿ ಒಳಗಿನ ಗಾಳಿಯನ್ನು ತೆಗೆದುಬಿಡುತ್ತಾರೆ. ಒತ್ತಡ ಕಡಿಮೆಯಾದ ಆ ಪ್ಯಾನಿನಲ್ಲಿ ಪಾಕವು 60-70 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಕುದಿಯಲು ಬಿಸಿ ಎಷ್ಟು ಬೇಕೆಂಬುದು ಮೇಲಿನ ಒತ್ತಡವನ್ನು ಅವಲಂಬಿಸಿದೆ. ಒತ್ತಡವನ್ನು ಇನ್ನೂ ಇಳಿಸುತ್ತ ಹೋದರೆ 30 ಡಿಗ್ರಿಯ ಹೊಳೆಯ ನೀರೂ ಕುದಿಯುತ್ತದೆ. ಅದಕ್ಕೆ ಬೆಂಕಿ ಬೇಕಿಲ್ಲ.

ಇಂಪೆಲ್ಲರಿನ ನಡುಭಾಗದಲ್ಲಿ, ನೀರು ಒಳಬರುವ ಕಣ್ಣಿನ ಬಳಿ, ಆಗುವುದು ಇದೇ. ಇಡೀ ಪಂಪಿನಲ್ಲಿ ಅತಿ ಕಡಿಮೆ ಒತ್ತಡ ಇರುವ ಜಾಗ ಅದು. ಪಂಪು ನೀರಿನಿಂದ ಬಹಳ ಮೇಲಿದ್ದರೆ ಅಲ್ಲಿಯ ಒತ್ತಡ ತೀರ ಇಳಿದು ನೀರಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. 30 ಡಿಗ್ರಿಯಲ್ಲಿ ನೀರು ಆವಿಯಾದರೆ ಮೊದಲಿಗಿಂತ 30 ಸಾವಿರ ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಸ್ವಲ್ಪವೇ ನೀರು ಆವಿಯಾದರೂ ದಾರಿ ಗುಳ್ಳೆಗಳಿಂದ ತುಂಬುತ್ತದೆ, ನೀರಿಗೆ ಜಾಗ ಉಳಿಯುವುದಿಲ್ಲ. ಡೆಲಿವರಿ ಪೈಪಿನಲ್ಲಿ ನೀರು ಸಣ್ಣದಾಗಿ ಬೀಳುವುದು ಇದರಿಂದ.

ಈ ಗುಳ್ಳೆಗಳು ಹಾಗೆಯೇ ಉಳಿಯುವುದಿಲ್ಲ. ನೀರಿನೊಡನೆ ಸಾಗಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ಇಂಪೆಲ್ಲರಿನ ಹೊರಭಾಗದ ಹೆಚ್ಚು ಒತ್ತಡದ ಕಡೆಗೆ ಬರುತ್ತವೆ. ಅಲ್ಲಿ ಆವಿ ಮತ್ತೆ ನೀರಾಗುತ್ತದೆ, ಗುಳ್ಳೆ ಒಮ್ಮೆಲೇ ಕುಸಿಯುತ್ತದೆ. ಬರಿದಾದ ಜಾಗಕ್ಕೆ ಸುತ್ತಲಿನ ನೀರು ಎಲ್ಲ ಕಡೆಯಿಂದ ನುಗ್ಗಿ ತನ್ನನ್ನು ತಾನೇ ಹೊಡೆದುಕೊಳ್ಳುತ್ತದೆ. ಗುಳ್ಳೆ ಲೋಹಕ್ಕೆ ಅಂಟಿಕೊಂಡಿದ್ದರೆ ಸೂಜಿಯಂಥ ನೀರಿನ ಧಾರೆಯೊಂದು ಲೋಹಕ್ಕೆ ಚುಚ್ಚುತ್ತದೆ. ಒಂದು ಏಟು ಏನೂ ಮಾಡದು. ಸೆಕೆಂಡಿಗೆ ಸಾವಿರಾರು ಏಟು, ದಿನಕ್ಕೆ ಹಲವು ತಾಸು, ತಿಂಗಳುಗಟ್ಟಲೆ ಬಿದ್ದರೆ ಬೀಡು ಕಬ್ಬಿಣವೂ ಕಿತ್ತು ಬರುತ್ತದೆ. ನಿಮಗೆ ಕೇಳುವ ಗರಸಿನ ಸಪ್ಪಳ ಈ ಏಟುಗಳದೇ. ಈ ಕ್ರಿಯೆಗೆ ಕ್ಯಾವಿಟೇಶನ್ ಎಂದು ಹೆಸರು. ಒತ್ತಡ ಥಟ್ಟನೆ ಇಳಿದಾಗ ದ್ರವದೊಳಗೆ ಪೊಳ್ಳು ಹುಟ್ಟುವುದು, ಥಟ್ಟನೆ ಏರಿದಾಗ ಆ ಪೊಳ್ಳು ಕುಸಿಯುವುದು ಎಂದು ಇದರ ಅರ್ಥ.

ಇದು ನಮ್ಮ ಪಂಪುಗಳಿಗೆ ಮಾತ್ರ ಅಂಟಿದ ರೋಗವಲ್ಲ. 1890ರ ದಶಕದಲ್ಲಿ ಬ್ರಿಟನ್ನಿನ 'ಡೇರಿಂಗ್' ಎಂಬ ಯುದ್ಧನೌಕೆ ಎಂಜಿನ್ನಿಗೆ ತಕ್ಕ ವೇಗ ಮುಟ್ಟದೆ ಹೋಯಿತು. ಅದರ ಚಾಲಕ ಪಂಖದ ಸುತ್ತ ಗುಳ್ಳೆಗಳು ತುಂಬಿಕೊಂಡು ಬಲ ಪೋಲಾಗುತ್ತಿತ್ತು. ಗುಳ್ಳೆ ಕುಸಿಯುವಾಗ ಹುಟ್ಟುವ ಒತ್ತಡ ಎಷ್ಟು ಭಾರಿಯಾದದ್ದೆಂಬುದನ್ನು ಲಾರ್ಡ್ ರ್‍ಯಾಲೆ 1917ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. 1983ರಲ್ಲಿ ಅಮೆರಿಕದ ಗ್ಲೆನ್ ಕ್ಯಾನಿಯನ್ ಅಣೆಕಟ್ಟೆಯ ಹೆಚ್ಚುವರಿ ನೀರು ಬಿಡುವ ಸುರಂಗಗಳಲ್ಲಿ ಇದೇ ಗುಳ್ಳೆಗಳು ದಪ್ಪ ಕಾಂಕ್ರೀಟನ್ನು ಕಿತ್ತು, ಹಿಂದಿನ ಬಂಡೆಯನ್ನೂ ಕೊರೆದವು. ಅಷ್ಟು ದೊಡ್ಡ ಕಟ್ಟಡವೇ ತಾಳಲಿಲ್ಲವೆಂದ ಮೇಲೆ ನಮ್ಮ ಅಂಗೈಯಗಲದ ಇಂಪೆಲ್ಲರಿನ ಪಾಡೇನು?

ನಮ್ಮ ದಂಡೆಯ ಲೆಕ್ಕ

ಈಗ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕೋಣ. ನಮ್ಮ ಹೊಳೆದಂಡೆಗಳು ಸಮುದ್ರ ಮಟ್ಟಕ್ಕಿಂತ 500 ಮೀಟರಿಗೂ ಮೇಲಿವೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಆದ್ದರಿಂದ ಗಾಳಿ ಎತ್ತಬಲ್ಲ ಎತ್ತರ ನಮ್ಮಲ್ಲಿ ಸುಮಾರು 9.7 ಮೀಟರ್. ಇದು ನಮ್ಮ ಬಂಡವಾಳ. ಇದರಲ್ಲಿ ಖರ್ಚು ಕಳೆಯಬೇಕು.

30 ಡಿಗ್ರಿಯ ನೀರು ಆವಿಯಾಗದಂತೆ ತಡೆಯಲು 0.4 ಮೀಟರ್. ಪಂಪಿನ ಕಣ್ಣಿನೊಳಗೆ ನೀರು ಸರಾಗವಾಗಿ ನುಗ್ಗಲು, ಪಂಪಿನ ಮಾದರಿಗೆ ತಕ್ಕಂತೆ, 3 ಮೀಟರ್ ಎಂದಿಟ್ಟುಕೊಳ್ಳಿ. ಫುಟ್‌ವಾಲ್ವ್, ಬೆಂಡು ಮತ್ತು ಪೈಪಿನ ತಿಕ್ಕಾಟಕ್ಕೆ 1.5 ಮೀಟರ್. ಎಚ್ಚರಿಕೆಗೆಂದು ಅರ್ಧ ಮೀಟರ್. ಒಟ್ಟು ಖರ್ಚು 5.4 ಮೀಟರ್. ಉಳಿದದ್ದು 4.3 ಮೀಟರ್, ಅಂದರೆ 14 ಅಡಿ. ಬೇಸಿಗೆಯಲ್ಲಿ ನೀರಿನ ಮಟ್ಟದಿಂದ ಪಂಪಿನ ನಡುವಿನವರೆಗೆ ಇದಕ್ಕಿಂತ ಹೆಚ್ಚು ಎತ್ತರ ಇದ್ದರೆ ಗುಳ್ಳೆ ಏಳುವುದು ಖಂಡಿತ.

ನಿಮ್ಮ ಪಂಪು ಬೇಸಿಗೆಯಲ್ಲಿ ಎಷ್ಟು ಅಡಿ ಮೇಲಿರುತ್ತದೆ? ಅಳೆದು ನೋಡಿದವರು ಬಹಳ ಕಡಿಮೆ. ಮಳೆಗಾಲದಲ್ಲಿ ಮಹಾಪೂರಕ್ಕೆ ಸಿಗಬಾರದೆಂದು ಪಂಪನ್ನು ದಂಡೆಯ ಮೇಲ್ಭಾಗದಲ್ಲಿ ಕೂಡಿಸುತ್ತೇವೆ. 2019ರ ಆಗಸ್ಟಿನ ಪ್ರವಾಹ ಕಂಡವರು ಹಾಗೆ ಮಾಡಿದರೆ ತಪ್ಪೆನ್ನಲಾಗದು. ಆದರೆ ಅದೇ ಕೃಷ್ಣೆ ಏಪ್ರಿಲ್-ಮೇ ತಿಂಗಳಲ್ಲಿ ಮಡುವಿಗೆ ಇಳಿದಿರುತ್ತಾಳೆ. ಮುಧೋಳದ ಕಡೆ ಘಟಪ್ರಭೆ ಹಿಡಕಲ್ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಏರಿ, ನಿಲ್ಲಿಸಿದಾಗ ಇಳಿಯುತ್ತದೆ. ಬೀಳಗಿಯ ಕಡೆ ಆಲಮಟ್ಟಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಹಿನ್ನೀರು ಹೊಲದ ಅಂಚಿಗೆ ಬರುತ್ತದೆ, ಬೇಸಿಗೆಯಲ್ಲಿ ದೂರ ಸರಿಯುತ್ತದೆ. ಆಗ ಪಂಪನ್ನು ಅಲ್ಲಿಯೇ ಬಿಟ್ಟು ಸಕ್ಷನ್ ಪೈಪಿಗೆ ಇನ್ನೊಂದು ತುಂಡು, ಮತ್ತೊಂದು ತುಂಡು ಜೋಡಿಸುತ್ತ ಹೋಗುತ್ತೇವೆ. ಎತ್ತರವೂ ಹೆಚ್ಚಿತು, ತಿಕ್ಕಾಟವೂ ಹೆಚ್ಚಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ನಮ್ಮ ಹಾಸಿಗೆ 9.7 ಮೀಟರಿನದು.

ದೊಡ್ಡ ಪಂಪು ಏಕೆ ಮದ್ದಲ್ಲ

5 ಎಚ್.ಪಿ. ಪಂಪು ಸೆಕೆಂಡಿಗೆ 10 ಲೀಟರ್ ನೀರು ಕೊಡುತ್ತಿತ್ತು ಎಂದಿಟ್ಟುಕೊಳ್ಳಿ. ಅದೇ ಜಾಗದಲ್ಲಿ, ಅದೇ 3 ಇಂಚಿನ ಸಕ್ಷನ್ ಪೈಪಿಗೆ 13 ಲೀಟರಿನ ದೊಡ್ಡ ಪಂಪು ಕೂಡಿಸಿದಿರಿ. ನೀರಿನ ವೇಗ ಹೆಚ್ಚಿದಂತೆ ತಿಕ್ಕಾಟ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. 1.5 ಮೀಟರ್ ಇದ್ದದ್ದು 2.5 ಮೀಟರ್ ಆಗುತ್ತದೆ. ಹೆಚ್ಚು ನೀರು ನುಗ್ಗಬೇಕಾದ್ದರಿಂದ ಪಂಪಿನ ಕಣ್ಣು 3ರ ಬದಲು 4 ಮೀಟರ್ ಕೇಳುತ್ತದೆ. ಆಗ ಉಳಿಯುವುದು 2.3 ಮೀಟರ್, ಏಳೂವರೆ ಅಡಿ ಮಾತ್ರ. ಮೊದಲು 14 ಅಡಿ ಎತ್ತರದಲ್ಲಿ ಕೂಡಿಸಬಹುದಿದ್ದ ಪಂಪನ್ನು ಈಗ ಅದರ ಅರ್ಧದಷ್ಟು ಎತ್ತರಕ್ಕೆ ಇಳಿಸಬೇಕಾಯಿತು. ನಾವು ಮಾಡಿದ್ದು ಏನು? ಹಣ ಕೊಟ್ಟು ಗುಳ್ಳೆಗಳನ್ನು ಕೊಂಡುತಂದೆವು.

ಇದಕ್ಕೆ ವಿರುದ್ಧವಾಗಿ, ಅದೇ ಹಳೆಯ ಪಂಪಿಗೆ 3 ಇಂಚಿನ ಬದಲು 4 ಇಂಚಿನ ಸಕ್ಷನ್ ಪೈಪು ಹಾಕಿ ನೋಡಿರಿ. ಅಷ್ಟೇ ನೀರಿಗೆ ಪೈಪಿನೊಳಗಿನ ತಿಕ್ಕಾಟ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೆಲವು ಅಡಿ ಪೈಪಿನ ಬೆಲೆಯನ್ನೂ ಹೊಸ ಮೋಟರಿನ ಬೆಲೆಯನ್ನೂ ಹೋಲಿಸಿ ನೋಡಿದರೆ ಹೆಚ್ಚು ಹೇಳಬೇಕಾಗಿಲ್ಲ.

ತೂತು ಬಿದ್ದದ್ದು ಉಸುಕಿನಿಂದ ಎಂದು ವಾದಿಸುವವರಿದ್ದಾರೆ. ಉಸುಕು ಸಹ ಇಂಪೆಲ್ಲರನ್ನು ಸವೆಸುತ್ತದೆ, ನಿಜ. ಆದರೆ ಎರಡರ ಗುರುತು ಬೇರೆ ಬೇರೆ. ಉಸುಕು ಸವೆಸಿದ ಲೋಹ ನುಣುಪಾಗಿ, ಉಜ್ಜಿದಂತೆ ಹೊಳೆಯುತ್ತದೆ, ಅಂಚುಗಳು ತೆಳುವಾಗುತ್ತವೆ. ಗುಳ್ಳೆ ತಿಂದ ಲೋಹ ಒರಟಾಗಿ, ಜೇನುಗೂಡಿನ ಹಾಗೆ ಕುಳಿ ಬಿದ್ದು, ಕಣ್ಣಿನ ಬಳಿಯ ಅಲಗಿನ ಬೆನ್ನಿಗೆ ಹೆಚ್ಚಾಗಿ ಕಾಣುತ್ತದೆ. ಇನ್ನೊಂದು ಸುಲಭ ಪರೀಕ್ಷೆ ಇದೆ. ಸಪ್ಪಳ ಬರುತ್ತಿರುವಾಗ ಡೆಲಿವರಿ ವಾಲ್ವನ್ನು ನಿಧಾನವಾಗಿ ಸ್ವಲ್ಪ ಮುಚ್ಚಿರಿ. ನೀರಿನ ವೇಗ ಕಡಿಮೆಯಾಗಿ ಗರಸಿನ ಸಪ್ಪಳ ತಗ್ಗಿದರೆ ರೋಗ ಕ್ಯಾವಿಟೇಶನ್ ಎಂದು ತಿಳಿಯಿರಿ. ಸಕ್ಷನ್ ಕಡೆಯ ವಾಲ್ವನ್ನು ಮಾತ್ರ ಎಂದೂ ಮುಚ್ಚಬೇಡಿರಿ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಹೊಲಕ್ಕಾಗುವ ನಷ್ಟ

10 ಎಚ್.ಪಿ. ವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ ವಿದ್ಯುತ್ ಬಿಲ್ಲು ಇಲ್ಲ. ಆದ್ದರಿಂದ ಪಂಪಿನ ದೋಷ ಬಿಲ್ಲಿನಲ್ಲಿ ಕಾಣುವುದಿಲ್ಲ, ಹೊಲದಲ್ಲಿ ಕಾಣುತ್ತದೆ. ಮೂರು ಫೇಸಿನ ವಿದ್ಯುತ್ತು ದಿನಕ್ಕೆ 6 ತಾಸು ಸಿಕ್ಕಿತು ಎನ್ನೋಣ. ಸೆಕೆಂಡಿಗೆ 10 ಲೀಟರ್ ಕೊಡುವ ಪಂಪು ಗುಳ್ಳೆಯ ಕಾಟದಿಂದ ಏಳೂವರೆ ಲೀಟರಿಗೆ ಇಳಿದರೆ ದಿನಕ್ಕೆ 54 ಸಾವಿರ ಲೀಟರ್ ನೀರು ಕಡಿಮೆ ಬೀಳುತ್ತದೆ. ಆರು ದಿನಕ್ಕೆ 3 ಲಕ್ಷ 24 ಸಾವಿರ ಲೀಟರ್. ಒಂದು ಎಕರೆಗೆ ಏಳೂವರೆ ಸೆಂಟಿಮೀಟರ್ ಆಳದ ಒಂದು ನೀರು ಕೊಡಲು ಬೇಕಾದದ್ದು ಸುಮಾರು 3 ಲಕ್ಷ ಲೀಟರ್. ಅಂದರೆ ಆರು ದಿನಕ್ಕೊಮ್ಮೆ ಒಂದು ಎಕರೆಯ ಒಂದು ನೀರು ಪಂಪಿನ ಕಣ್ಣಿನಲ್ಲಿಯೇ ಕಳೆದುಹೋಗುತ್ತದೆ.

ಅದು ಕಳೆದುಹೋಗುವುದು ಯಾವ ತಿಂಗಳಲ್ಲಿ ಎಂಬುದನ್ನೂ ಗಮನಿಸಿರಿ. ಜನವರಿ-ಫೆಬ್ರುವರಿಯಲ್ಲಿ ನಾಟಿ ಮಾಡಿದ ಕಬ್ಬು ಮರಿ ಒಡೆಯುವುದು ಮಾರ್ಚಿನಿಂದ ಮೇ ತಿಂಗಳವರೆಗೆ. ಹೊಳೆ ತೀರ ಇಳಿಯುವುದೂ ಆಗಲೇ.

ಕಬ್ಬಿನೊಳಗೂ ಇದೇ ಗುಳ್ಳೆಯ ಕಥೆ ನಡೆಯುತ್ತದೆ ಎಂಬುದು ನಿಮಗೆ ಹೊಸ ವಿಷಯವಾಗಬಹುದು. ಎಲೆಯಿಂದ ನೀರು ಆವಿಯಾದಂತೆ ಬೇರಿನಿಂದ ಎಲೆಯವರೆಗಿನ ನೀರಿನ ಎಳೆ ಬಿಗಿಯಾಗುತ್ತದೆ. ಪಂಪಿನ ಪೈಪು ಅಗಲವಾದದ್ದು, ಅಲ್ಲಿಯ ನೀರಿನಲ್ಲಿ ಗಾಳಿ ಮತ್ತು ಧೂಳಿನ ಕಣಗಳು ಇದ್ದೇ ಇರುತ್ತವೆ. ಆದ್ದರಿಂದ ಅಲ್ಲಿ ನೀರನ್ನು ಎಳೆಯಲು ಬರುವುದಿಲ್ಲ, ಬೇಗ ಗುಳ್ಳೆ ಬರುತ್ತದೆ. ಗಿಡದ ನಾಳಗಳು ಕೂದಲಿನಂತೆ ಸಣ್ಣವು, ಅಲ್ಲಿಯ ನೀರು ಸೋಸಿ ಬಂದದ್ದು. ಆದ್ದರಿಂದ ಅಲ್ಲಿ ಮಾತ್ರ ನೀರನ್ನು ನಿಜವಾಗಿ ಎಳೆಯಲು ಸಾಧ್ಯ. ಆದರೂ ಮಣ್ಣು ಒಣಗಿ ಎಳೆತ ಅತಿಯಾದರೆ ಎಳೆ ತುಂಡಾಗಿ ನಾಳದಲ್ಲಿ ಗುಳ್ಳೆ ಕೂಡುತ್ತದೆ, ಆ ನಾಳ ನೀರು ಸಾಗಿಸುವುದನ್ನು ನಿಲ್ಲಿಸುತ್ತದೆ. 1966ರಲ್ಲಿ ಮಿಲ್ಬರ್ನ್ ಮತ್ತು ಜಾನ್ಸನ್ ಎಂಬ ವಿಜ್ಞಾನಿಗಳು ಬಾಡುತ್ತಿರುವ ಔಡಲ ಎಲೆಗೆ ಸೂಕ್ಷ್ಮ ಧ್ವನಿಯಂತ್ರ ಜೋಡಿಸಿ, ನೀರಿನ ಎಳೆಗಳು ತುಂಡಾಗುವ ಟಕ್ ಟಕ್ ಸಪ್ಪಳವನ್ನು ಕೇಳಿದರು. ಗೋವಿನಜೋಳ, ಕಬ್ಬಿನಂಥ ಹುಲ್ಲಿನ ಜಾತಿಯ ಬೆಳೆಗಳಲ್ಲಿ ಮಣ್ಣಿನಲ್ಲಿ ಹಸಿ ಇದ್ದರೆ ರಾತ್ರಿ ಬೇರಿನ ಒತ್ತಡದಿಂದ ನಾಳಗಳು ಮತ್ತೆ ತುಂಬಿಕೊಳ್ಳಬಲ್ಲವು. ಬೆಳಗಿನ ಜಾವ ಎಲೆಯ ತುದಿಯಲ್ಲಿ ಕಾಣುವ ನೀರಹನಿ ಈ ಒತ್ತಡದ ಗುರುತು. ಮಣ್ಣು ಒಣಗಿದ್ದರೆ ರಾತ್ರಿಯೂ ಈ ದುರಸ್ತಿ ಆಗದು. ಪಂಪಿನ ಗುಳ್ಳೆಯನ್ನು ನಿರ್ಲಕ್ಷಿಸಿದರೆ ಕಬ್ಬಿನ ಗುಳ್ಳೆಗೆ ನಾವೇ ದಾರಿ ಮಾಡಿಕೊಟ್ಟಂತೆ.

ಕರೆಂಟು ಹೋದ ಗಳಿಗೆ

ಒತ್ತಡ ಥಟ್ಟನೆ ಇಳಿಯುವ ಇನ್ನೊಂದು ಸಂದರ್ಭವಿದೆ. ಹೊಳೆಯಿಂದ ಎರಡು ಮೂರು ಕಿಲೋಮೀಟರ್ ದೂರದ ಎರೆಭೂಮಿಗೆ ಪಿ.ವಿ.ಸಿ. ಪೈಪಿನಲ್ಲಿ ನೀರು ಒಯ್ಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕರೆಂಟು ಒಮ್ಮೆಲೇ ಹೋದಾಗ ಪಂಪು ನಿಲ್ಲುತ್ತದೆ, ಆದರೆ ಪೈಪಿನಲ್ಲಿರುವ ಟನ್ನುಗಟ್ಟಲೆ ನೀರು ಓಡುತ್ತಲೇ ಇರುತ್ತದೆ. ಹಿಂದಿನಿಂದ ನೀರು ಬಾರದ್ದರಿಂದ ದಿಬ್ಬದ ಮೇಲಿನ ಭಾಗದಲ್ಲಿ ನೀರಿನ ಸಾಲು ಕಡಿದು ಆವಿಯ ದೊಡ್ಡ ಪೊಳ್ಳು ಹುಟ್ಟುತ್ತದೆ. ಕೆಲವು ಸೆಕೆಂಡುಗಳ ನಂತರ ನೀರು ಹಿಂತಿರುಗಿ ಬಂದು ಆ ಪೊಳ್ಳನ್ನು ಮುಚ್ಚುವಾಗ ಸುತ್ತಿಗೆಯ ಏಟು ಬೀಳುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ವೇಗದ ನೀರು ಪಿ.ವಿ.ಸಿ. ಪೈಪಿನಲ್ಲಿ ಥಟ್ಟನೆ ನಿಂತರೆ ಸುಮಾರು 60 ಮೀಟರ್ ನೀರಿನ ಎತ್ತರದಷ್ಟು, ಅಂದರೆ ಚದರ ಸೆಂಟಿಮೀಟರಿಗೆ 6 ಕೆ.ಜಿ.ಯಷ್ಟು ಹೆಚ್ಚಿನ ಒತ್ತಡ ಹುಟ್ಟಬಲ್ಲದು. ಮೊದಲೇ 4 ಕೆ.ಜಿ. ಒತ್ತಡದಲ್ಲಿರುವ 6 ಕೆ.ಜಿ. ದರ್ಜೆಯ ಪೈಪು ಇದನ್ನು ತಾಳುವುದು ಹೇಗೆ? ಪೈಪು ಒಡೆದದ್ದಕ್ಕೆ ಪೈಪಿನ ಗುಣವೇ ಕಾರಣವೆಂದು ಹೇಳುವ ಮೊದಲು ದಿಬ್ಬದ ಮೇಲೆ ಗಾಳಿ ವಾಲ್ವು ಇದೆಯೇ ಎಂದು ನೋಡಿರಿ.

ಕರೆಂಟು ಬಂದ ಕೂಡಲೇ ತಾನೇ ಚಾಲೂ ಆಗುವ ಆಟೋ ಸ್ಟಾರ್ಟರು ಅನುಕೂಲದ್ದು. ಆದರೆ ಪೈಪಿನಲ್ಲಿ ನೀರು ಹಿಂದೆ ಮುಂದೆ ಓಲಾಡುತ್ತಿರುವಾಗಲೇ ಪಂಪು ಶುರುವಾದರೆ ಏಟಿನ ಮೇಲೆ ಏಟು ಬೀಳುತ್ತದೆ. ಕೆಲವು ನಿಮಿಷ ತಡೆದು ಚಾಲೂ ಮಾಡುವ ಟೈಮರು ಅದಕ್ಕೆ ಇರಲೇಬೇಕು.

ಅನುಸರಿಸಬೇಕಾದ ಕ್ರಮಗಳು

1. ಮೇ ತಿಂಗಳಲ್ಲಿ ನೀರು ಅತಿ ಕಡಿಮೆ ಇದ್ದಾಗ, ನೀರಿನಿಂದ ಪಂಪಿನ ನಡುವಿನವರೆಗಿನ ನೆಟ್ಟನೆಯ ಎತ್ತರವನ್ನು ಅಳೆದು ಬರೆದಿಡಿರಿ. 14 ಅಡಿ ಮೀರಿದ್ದರೆ ಪಂಪನ್ನು ಇಳಿಸುವ ಯೋಚನೆ ಮಾಡಿರಿ.

2. ಸಕ್ಷನ್ ಪೈಪು ಪಂಪಿನ ಬಾಯಿಗಿಂತ ಒಂದು ಅಳತೆ ದೊಡ್ಡದಿರಲಿ, ಸಾಧ್ಯವಾದಷ್ಟು ಗಿಡ್ಡದಿರಲಿ. ಬೆಂಡು ಒಂದೇ ಸಾಕು, ಅದೂ ಅಗಲ ತಿರುವಿನದಾಗಿರಲಿ. ಪೈಪು ಹೊಳೆಯಿಂದ ಪಂಪಿನ ಕಡೆಗೆ ಏರುತ್ತಲೇ ಬರಬೇಕು. ನಡುವೆ ಗೂನು ಬಂದರೆ ಅಲ್ಲಿ ಗಾಳಿ ಕೂಡುತ್ತದೆ.

3. ಫುಟ್‌ವಾಲ್ವಿನ ಜಾಲರಿಗೆ ಪಾಚಿ, ಕಸ ಕಟ್ಟಿಕೊಳ್ಳದಂತೆ ಆಗಾಗ ತೊಳೆಯಿರಿ. ಜಾಲರಿ ಅರ್ಧ ಕಟ್ಟಿದರೆ ದೊಡ್ಡ ಪೈಪು ಹಾಕಿಯೂ ಪ್ರಯೋಜನವಿಲ್ಲ.

4. ಸಕ್ಷನ್ ಕಡೆಗೆ ಒಂದು ವ್ಯಾಕ್ಯೂಮ್ ಗೇಜು ಕೂಡಿಸಿರಿ. ಪಂಪು ನಡೆಯುವಾಗ ಮುಳ್ಳು 400 ಮಿಲಿಮೀಟರ್ ದಾಟಿದರೆ ಎಚ್ಚರಗೊಳ್ಳಿರಿ.

5. ಪಂಪು ಕೊಳ್ಳುವಾಗ ಎಚ್.ಪಿ. ಮಾತ್ರ ಕೇಳಬೇಡಿರಿ. ನಿಮ್ಮ ಹೊಲದ ಎತ್ತರ, ಪೈಪಿನ ಉದ್ದ, ಬೇಸಿಗೆಯ ನೀರಿನ ಮಟ್ಟ ಹೇಳಿ, ಅದಕ್ಕೆ ತಕ್ಕ ಪಂಪು ಕೇಳಿರಿ. ಹೆಚ್ಚು ಎತ್ತರಕ್ಕೆಂದು ಮಾಡಿದ ಪಂಪನ್ನು ಕಡಿಮೆ ಎತ್ತರಕ್ಕೆ ಬಳಸಿದರೂ ನೀರು ಅತಿಯಾಗಿ ನುಗ್ಗಿ ಇದೇ ರೋಗ ಬರುತ್ತದೆ.

6. ಉದ್ದ ಪೈಪಿನವರು ಪಂಪಿನ ಬಳಿ ಏಕಮುಖ ವಾಲ್ವು, ದಿಬ್ಬಗಳ ಮೇಲೆ ಗಾಳಿ ವಾಲ್ವು ಹಾಕಿಸಿರಿ. ಡೆಲಿವರಿ ವಾಲ್ವನ್ನು ನಿಧಾನವಾಗಿ ತೆರೆಯಿರಿ, ನಿಧಾನವಾಗಿ ಮುಚ್ಚಿರಿ.

ಒಬ್ಬರಿಂದಾಗದ್ದು ಹತ್ತು ಜನರಿಂದ

ಪಂಪನ್ನು ಕೆಳಗಿಳಿಸಿದರೆ ಮಹಾಪೂರದಲ್ಲಿ ಕೊಚ್ಚಿಹೋಗುತ್ತದಲ್ಲ ಎಂಬುದು ನಿಮ್ಮ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ದಾರಿಗಳಿವೆ. ನೀರಿನಲ್ಲಿಯೇ ಮುಳುಗಿರುವ ಪಂಪಿಗೆ ಸಕ್ಷನ್ ಎತ್ತರದ ತೊಂದರೆಯೇ ಇಲ್ಲ. ಹಳಿಯ ಮೇಲೆ ಗಾಲಿಯ ಗಾಡಿಯಲ್ಲಿ ಕೂಡಿಸಿದ ಪಂಪನ್ನು ನೀರು ಇಳಿದಂತೆ ಇಳಿಸಿ, ಏರಿದಂತೆ ಎಳೆದುಕೊಳ್ಳಬಹುದು. ತೇಲುವ ವೇದಿಕೆಯ ಮೇಲೂ ಇಡಬಹುದು. ಎಲ್ಲಕ್ಕಿಂತ ಭದ್ರವಾದದ್ದು ಜಾಕ್‌ವೆಲ್. ದಂಡೆಯಲ್ಲಿ ಬಾವಿ ತೆಗೆದು, ಹೊಳೆಯ ಅತಿ ಕೆಳಗಿನ ಮಟ್ಟದಿಂದ ನೀರು ತಾನಾಗಿಯೇ ಅದರೊಳಗೆ ಹರಿದುಬರುವಂತೆ ಮಾಡಿ, ಪಂಪನ್ನು ನೀರಿನೊಳಗೆ ಇಳಿಬಿಟ್ಟು ಮೋಟರನ್ನು ಮಹಾಪೂರದ ಮಟ್ಟಕ್ಕಿಂತ ಮೇಲೆ ಇಡುವುದು. ಇದು ಒಬ್ಬ ರೈತನ ಕೈಲಿ ಆಗುವ ಖರ್ಚಲ್ಲ. ಹತ್ತು ಹದಿನೈದು ಜನ ಕೂಡಿದರೆ ಆಗುತ್ತದೆ.

ಒಂದೇ ಮಡುವಿನ ಸುತ್ತ ಹತ್ತಾರು ಪಂಪು, ಹತ್ತಾರು ಸಕ್ಷನ್ ಪೈಪು, ಹತ್ತಾರು ತೂತುಬಿದ್ದ ಇಂಪೆಲ್ಲರ್ ಇರುವ ಬದಲು ಒಂದು ಜಾಕ್‌ವೆಲ್ ಏಕೆ ಆಗಬಾರದು? ನೀರಿನ ಪಾಳಿಯ ಜಗಳ ಬರುತ್ತದೆ ಎನ್ನುತ್ತೀರಿ. ಬರಬಹುದು. ಆದರೆ ಕೂಡಿ ಕೆಲಸ ಮಾಡಲು ಬಾರದ ಸೀಮೆ ಇದಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದವರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೂಡಿದ ಇಲ್ಲಿಯ ರೈತರೇ. ಸರ್ಕಾರದ ದಾರಿ ಕಾಯದೆ ತಾವೇ ಹಣ ಹಾಕಿ, ತಾವೇ ಮೈಮುರಿದು ದುಡಿದು ಮಾಡಿದ ಆ ಕೆಲಸಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರಾಯಿತು. ಬ್ಯಾರೇಜು ಬೇಸಿಗೆಗೆ ನೀರು ಹಿಡಿದಿಟ್ಟಿತು ಎಂಬುದನ್ನು ಎಲ್ಲರೂ ಬಲ್ಲರು. ಅದು ನೀರಿನ ಮಟ್ಟವನ್ನು ಎಷ್ಟು ಅಡಿ ಏರಿಸಿತೋ ದಂಡೆಯ ಮೇಲಿನ ಪಂಪುಗಳ ಸಕ್ಷನ್ ಎತ್ತರವೂ ಅಷ್ಟೇ ಅಡಿ ಇಳಿಯಿತು ಎಂಬುದನ್ನು ಯೋಚಿಸಿದವರು ಕಡಿಮೆ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿಗೂ ಇದೇ ಮಾತು ಸಲ್ಲುತ್ತದೆ. ಹೊಳೆಯನ್ನೇ ಎತ್ತಿ ಪಂಪಿನ ಹತ್ತಿರ ತಂದ ಜನಕ್ಕೆ ಪಂಪನ್ನು ಹೊಳೆಯ ಹತ್ತಿರ ಇಳಿಸುವುದು ಭಾರವಾಗಬಾರದು.

ಸಾಲ ಕೊಡುವ ಸಂಘಗಳಿಗೂ ಬ್ಯಾಂಕುಗಳಿಗೂ ಒಂದು ಸೂಚನೆ. ಪಂಪ್‌ಸೆಟ್ಟಿನ ಅರ್ಜಿಯಲ್ಲಿ ಎಚ್.ಪಿ. ಎಷ್ಟೆಂದು ಬರೆಯಿಸುವಾಗ ಬೇಸಿಗೆಯಲ್ಲಿ ನೀರಿನಿಂದ ಪಂಪಿಗೆ ಎಷ್ಟು ಅಡಿ ಎಂಬುದನ್ನೂ ಬರೆಯಿಸಬೇಕು. ಈ ಒಂದು ಅಂಕಿ ಸರಿಯಿಲ್ಲದಿದ್ದರೆ ಸಾಲದ ಹಣ ಇಂಪೆಲ್ಲರಿನ ತೂತಿನಲ್ಲಿ ಹರಿದುಹೋಗುತ್ತದೆ, ಕಂತು ಮಾತ್ರ ರೈತನ ತಲೆಯ ಮೇಲೆ ಉಳಿಯುತ್ತದೆ.

ರೈತ ಬಾಂಧವರೇ, ಗಾಳಿ ನಮಗೆ ಪುಕ್ಕಟೆಯಾಗಿ 9.7 ಮೀಟರ್ ಬಲ ಕೊಟ್ಟಿದೆ. ಅದನ್ನು ಹೆಚ್ಚಿಸುವ ಯಂತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಇದ್ದುದರಲ್ಲಿ ಉಳಿಸಿಕೊಳ್ಳುವುದೊಂದೇ ನಮ್ಮ ಕೈಯಲ್ಲಿರುವುದು. ಈ ಬೇಸಿಗೆ ಹೊಸ ಮೋಟರಿನ ಬೆಲೆ ವಿಚಾರಿಸುವ ಮೊದಲು ಒಂದು ಹಗ್ಗ, ಒಂದು ಅಳತೆ ಪಟ್ಟಿ ಹಿಡಿದು ದಂಡೆಗೆ ಇಳಿಯಿರಿ.